ಜೋಳದ ನೆಪ

ಆ ದೀಪವನ್ನು ಸರ್ವಮಂಗಳ ಕೇಳಿ ಹಾಕಿಸಿಕೊಂಡದ್ದಲ್ಲ. ಹಾಕಿಸಿದವನು ಹರಿಹರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅವಳ ಅಣ್ಣ ವಾಮದೇವಪ್ಪ.

ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಬಂದ ತಂಗಿ, ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ಒಂದು ಕೋಣೆ ಹಿಡಿದು ಇರುತ್ತೇನೆ ಅಂದಾಗ ಆತ ಎಷ್ಟೋ ಹೊತ್ತು ತಕ್ಕಡಿಯ ತಟ್ಟೆ ಒರೆಸುತ್ತ ಕೂತ. ಅವಳು ಹೆಚ್ಚು ಮಾತಾಡುವವಳಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳೂ ಅಲ್ಲ. ಅದು ಅವನಿಗೆ ಗೊತ್ತಿತ್ತು. ಕಡೆಗೆ ತಾನೇ ರೈಲು ಹತ್ತಿ ದಾವಣಗೆರೆಗೆ ಹೋಗಿ ಕೋಣೆ ನೋಡಿದ. ಕೆ.ಬಿ. ಬಡಾವಣೆಯ ಆಗಿನ ಕಟ್ಟಕಡೆಯ ಮನೆ, ಶಕುಂತಲಮ್ಮ ಎಂಬ ವಿಧವೆಯದು. ಮುಂದುಗಡೆ ಆಕೆಯ ವಾಸ, ಪಕ್ಕದ ಒಂಟಿ ಕೋಣೆ ಬಾಡಿಗೆಗೆ. ಕೋಣೆಯ ಬಾಗಿಲು ತೆರೆದರೆ ಓಣಿ, ಓಣಿ ದಾಟಿದರೆ ಜೋಳದ ಹೊಲ. ಅಲ್ಲಿಗೆ ಊರು ಮುಗಿಯಿತು.

"ಕತ್ಲಾದ್ರೆ ಇಲ್ಲಿ ನಾಯಿನೂ ತಿರುಗಲ್ಲ," ಎಂದ ವಾಮದೇವಪ್ಪ.

ಮುನಿಸಿಪಾಲಿಟಿಯಲ್ಲಿ ಅವನಿಗೆ ಗುರುತಿನವರಿದ್ದರು. ಯಾರನ್ನು ಕಂಡನೋ, ಏನು ಹೇಳಿದನೋ, ಮುಂಗಾರು ಹಿಡಿಯುವ ಮುಂಚೆ ಓಣಿ ತಿರುಗುವ ಮೂಲೆಯಲ್ಲಿ ಕಂಬವೊಂದು ಎದ್ದಿತು. ಅದರ ತುದಿಗೆ ಬಿಳಿ ತಟ್ಟೆ, ತಟ್ಟೆಯ ಕೆಳಗೆ ಕುಂಬಳಕಾಯಿ ಹೀಚಿನಷ್ಟು ದಪ್ಪದ ಬಲ್ಬು. ತಂಗಿಯ ಟ್ರಂಕು ಇಳಿಸಲು ಬಂದ ದಿನ ಅಣ್ಣ ಆ ಕಂಬಕ್ಕೆ ಕೈ ಊರಿ ನಿಂತು ಹೇಳಿದ: "ನೋಡು ಮಂಗಳಾ, ಈ ದೀಪ ಉರಿಯೋತಂಕ ನೀನು ಇಲ್ಲಿರು. ಆರಿದ ದಿನ ಗಂಟು ಕಟ್ಕಂಡು ಹರಿಹರಕ್ಕೆ ಬಾ. ನಾಳೆ ಯಾರಾದ್ರೂ ಒಂದು ಮಾತಂದ್ರೆ, ನಿನ್ನ ಲಗ್ನ ಮಾಡಬೇಕಾದೋನು ನಾನು."

ಅವಳು ತಲೆಯಾಡಿಸಿದಳು. ಹರಿಹರ ಅಂದರೆ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಹಾಸಿಗೆ, ಅತ್ತಿಗೆಯ ನಿಟ್ಟುಸಿರು, ಭಾನುವಾರ ಬಂತೆಂದರೆ ಉಪ್ಪಿಟ್ಟಿನ ತಟ್ಟೆ ಹಿಡಿದು ಅಪರಿಚಿತರ ಮುಂದೆ ನಿಲ್ಲುವುದು. ಇಲ್ಲಿ ಒಂದು ಕೋಣೆ, ಒಂದು ಸ್ಟೋವು, ಮತ್ತು ಯಾರೂ ಏನೂ ಕೇಳದ ಸಂಜೆ.

ಆದರೆ ಯಾರೂ ಏನೂ ಕೇಳದ ಸಂಜೆ ಎಷ್ಟು ಉದ್ದವಿರುತ್ತದೆ ಅನ್ನುವುದು ಅವಳಿಗೆ ಬಂದ ಮೇಲೇ ತಿಳಿದದ್ದು. ಶಾಲೆಯಲ್ಲಿ ಮಕ್ಕಳ ಮುಂದೆ ನಿಂತಾಗ ಬರುವ ಮಾತು, ಗಂಟೆ ಹೊಡೆದ ಮೇಲೆ ಎಲ್ಲಿ ಹೋಗುತ್ತದೋ ಅವಳಿಗೇ ತಿಳಿಯದು. ಉಪಾಧ್ಯಾಯಿನಿಯರ ಕೋಣೆಯಲ್ಲಿ ಸೀರೆಯ, ಗಂಡಂದಿರ ಸುದ್ದಿ ನಡೆದಿರುತ್ತದೆ. ಇವಳು ಒಳಗೆ ಬಂದರೆ ಯಾಕೋ ಸಣ್ಣಗಾಗುತ್ತದೆ. ಬೇಕಂತ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮೌನದವರ ಎದುರು ಮಾತಾಡುವುದು ಬರಿಗಾಲಲ್ಲಿ ನಿಂತವರ ಎದುರು ಜೋಡು ಮೆಟ್ಟಿದಂತೆ, ಅಷ್ಟೆ.

ಹೀಗಾಗಿ ದೀಪವೇ ಅವಳ ಪಾಲಿಗೆ ಮನೆಗೆ ಬರುವ ಒಬ್ಬ ನೆಂಟನಾಯಿತು. ಮಬ್ಬಾಗುವ ಹೊತ್ತಿಗೆ ಮುನಿಸಿಪಾಲಿಟಿಯ ಉಚ್ಚೆಂಗಪ್ಪ ಸೈಕಲ್ಲಿನಲ್ಲಿ ಬಂದು, ಕೊಕ್ಕೆ ಕಟ್ಟಿದ ಗಳುವಿನಿಂದ ಕಂಬದ ಗುಂಡಿ ಎಳೆಯುವನು. ಟಕ್ ಅಂದ ಕೂಡಲೇ ಬೆಳಕು ಓಣಿ ದಾಟಿ, ಹೊಸ್ತಿಲು ಹತ್ತಿ, ಅವಳ ಚಾಪೆಯ ಮೇಲೆ ಬಂದು ಕೂರುತ್ತಿತ್ತು. ಅವಳು ಅದರೊಳಗೇ ತಟ್ಟೆ ಇಟ್ಟುಕೊಂಡು ಊಟ ಮಾಡುವಳು, ಮಕ್ಕಳ ಉತ್ತರ ತಿದ್ದುವಳು. ಬಾಗಿಲು ಹಾಕಿ ಮಲಗುವಾಗ, ಹೊರಗೆ ಯಾರೋ ಕೂತಿದ್ದಾರೆ ಅನ್ನುವ ನೆಮ್ಮದಿ.

ಎದುರಿನ ಹೊಲ ಇಮಾಮ್ ಸಾಬಿಯದು. ಹೊಲ ಅನ್ನುವುದು ದೊಡ್ಡ ಮಾತು. ಎಂಟು ಗುಂಟೆ ಎರೆಭೂಮಿ. ಹೊಟ್ಟೆಪಾಡಿಗೆ ಆತ ಹತ್ತಿಯ ಅಂಡಿಗೆಗಳನ್ನು ಗಾಡಿಯಲ್ಲಿ ಹೇರುತ್ತಿದ್ದ. ರೊಟ್ಟಿಯ ಜೋಳ ಮಾತ್ರ ಈ ಎಂಟು ಗುಂಟೆಯದೇ. ಅವನ ಹೆಂಡತಿ ಖತೀಜಾಬೀ ಆಷಾಢದಿಂದ ಕಳೆ ಕೀಳುತ್ತ, ಎಡೆಗುಂಟೆ ಹಿಂದೆ ನಡೆಯುತ್ತ ಅಲ್ಲೇ ಇರುತ್ತಿದ್ದಳು. ಸರ್ವಮಂಗಳ ಶಾಲೆಯಿಂದ ಬರುವಾಗ ಸೊಂಟ ನೆಟ್ಟಗೆ ಮಾಡಿ, "ಬಂದ್ರೇನ್ರೀ ಅಕ್ಕೋರೆ?" ಎನ್ನುವಳು. "ಬಂದೆ," ಎನ್ನುವಳು ಇವಳು. ಇನ್ನೊಂದು ಮಾತು ಸೇರಿಸಬೇಕೆಂದು ದಿನವೂ ದಾರಿಯಲ್ಲಿ ಹೊಂದಿಸಿಕೊಂಡು ಬರುವಳು. ಮಳೆ ಚೆನ್ನಾಗಾಯ್ತಲ್ಲ ಅಂತಲೋ, ಬೆನ್ನು ನೋಯುವುದಿಲ್ಲವೇ ಅಂತಲೋ. ಬಾಗಿಲಿನ ಬೀಗ ಕೈಗೆ ತಾಕುವ ಹೊತ್ತಿಗೆ ಅದು ಗಂಟಲಲ್ಲೇ ಇಳಿದುಹೋಗಿರುತ್ತಿತ್ತು.

ಭಾದ್ರಪದದ ಹೊತ್ತಿಗೆ ಒಂದು ವಿಶೇಷ ಕಣ್ಣಿಗೆ ಬಿತ್ತು. ಓಣಿಯ ಕಡೆಯ ಜೋಳ, ಕಂಬದ ಎದುರಿಗೆ ಮೊರದಂತೆ ಹರಡಿದ ಅಷ್ಟು ಭಾಗ, ಉಳಿದುದಕ್ಕಿಂತ ಎತ್ತರಕ್ಕೆ ಹೋಗಿತ್ತು. ಎಲೆಗಳು ಕರಿಹಸಿರು, ದಂಟು ಕೈಬೆರಳಿನ ಹಿಡಿತಕ್ಕೆ ಸಿಗದಷ್ಟು ದಪ್ಪ. ಹೋಗಿ ಬರುವವರು ನಿಂತು ನೋಡುತ್ತಿದ್ದರು.

"ಶಕುಂತಲಮ್ಮಾರ ತಿಪ್ಪೆ ನೀರು ಬಸಿದು ಬಂದೈತೆ, ಅದ್ಕೇ ಕೊಬ್ಬೈತೆ," ಎಂದ ಇಮಾಮ್ ಸಾಬಿ.

"ನನ್ನ ತಿಪ್ಪೆ ಮೂವತ್ತು ವರ್ಸದಿಂದ ಅಲ್ಲೇ ಐತೆ. ಹಿಂದೆ ಯಾಕ ಕೊಬ್ಬಲಿಲ್ಲ?" ಎಂದರು ಶಕುಂತಲಮ್ಮ ಕಟ್ಟೆಯ ಮೇಲಿಂದ.

ಖತೀಜಾಬೀ ತೀರ್ಪು ಕೊಟ್ಟಳು: "ತಿಪ್ಪೆನೂ ಅಲ್ಲ, ಗಿಪ್ಪೆನೂ ಅಲ್ಲ. ಈ ವರ್ಸ ಹೊಸದಾಗಿ ಬಂದೋರು ಯಾರು? ಅಕ್ಕೋರು. ಅವರ ಕಾಲ್ಗುಣ."

ಆ ಮಾತು ಕೋಣೆಯೊಳಗಿದ್ದ ಸರ್ವಮಂಗಳೆಗೆ ಕೇಳಿಸಿತು. ಸ್ಟೋವಿನ ಮೇಲೆ ಅನ್ನ ಹೊತ್ತುತ್ತಿದ್ದರೂ ಅವಳು ಅಲ್ಲಾಡದೆ ನಿಂತಿದ್ದಳು. ತನ್ನ ಬಗ್ಗೆ ಯಾರಾದರೂ ಇಷ್ಟು ಗಟ್ಟಿಯಾಗಿ ಒಳ್ಳೆಯ ಮಾತಾಡಿ ಎಷ್ಟು ಕಾಲವಾಗಿತ್ತೋ.

ಸೀಗೆ ಹುಣ್ಣಿಮೆ ಬಂತು. ಈ ಸೀಮೆಯಲ್ಲಿ ಅಂದಿಗೆ ಪೈರು ಬಸುರಿ ಎಂದು ಲೆಕ್ಕ. ಬಸುರಿಗೆ ಮಾಡುವ ಬಯಕೆಯ ಊಟವನ್ನೇ ಹೊಲಕ್ಕೆ ಒಯ್ದು, ಉಡಿ ತುಂಬಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಖತೀಜಾಬೀಯ ಹೊಲದಲ್ಲೂ ಅವಳ ಅತ್ತೆಯ ಕಾಲದಿಂದ ನಡೆದುಬಂದ ವಾಡಿಕೆ. ಅಡಿಗೆ ಅವಳದು, ಅರಿಸಿನ ಕುಂಕುಮವಿಟ್ಟು ಕಾಯಿ ಒಡೆಯುವ ಕೈ ಶಕುಂತಲಮ್ಮನದು. "ವಿಧವೆ ಕೈಯಿಂದ ಉಡಿ ತುಂಬಿಸ್ತಾರೇನೇ?" ಎಂದು ಆಕೆ ವರ್ಷವೂ ಕೇಳುವಳಂತೆ. "ಭೂಮಿತಾಯಿ ನಿಮ್ಮ ಗಂಡನ್ನ ಕೇಳ್ತಾಳೇನ್ರಿ? ನಿಮ್ಮ ಕೈಗುಣ ಕೇಳ್ತಾಳೆ," ಎಂದು ಇವಳು ವರ್ಷವೂ ಎಳೆದುಕೊಂಡು ಹೋಗುವಳಂತೆ.

ಆ ವರ್ಷ ಸರ್ವಮಂಗಳೆಗೂ ಕರೆ ಬಂತು. ಪೂಜೆಗೆ ಖತೀಜಾಬೀ ಆರಿಸಿದ ಜಾಗ ದೀಪದ ಎದುರಿನ ಆ ಕರಿಹಸಿರು ಮೂಲೆಯೇ. "ಎಲ್ಲಾಕ್ಕಿಂತ ಮೈತುಂಬಿಕೊಂಡ ಬಸುರಿ ಇವಳೇ," ಎಂದು ದಂಟುಗಳ ಒಂದು ಕಂತೆಗೆ ಕುಬಸದ ಹಸಿರು ಕಣ ಸುತ್ತಿದಳು. ಶಕುಂತಲಮ್ಮ ದಂಟಿಗೆ ಬಳೆ ಏರಿಸಿ ಅಕ್ಕಿ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟರು. ಇಮಾಮ್ ಸಾಬಿ ಕಡುಬು, ಅನ್ನ, ಪಲ್ಯ ಕಲಸಿದ ಬುಟ್ಟಿ ಹೊತ್ತು "ಹುಲಿಗೋ! ಹುಲಿಗೋ!" ಎಂದು ಕೂಗುತ್ತ ಚರಗ ಚೆಲ್ಲುತ್ತ ಹೋದ.

"ಅಕ್ಕೋರೆ, ನೀವೂ ಒಂದೆರಡು ಕಾಳು ಉಡಿಗೆ ಹಾಕ್ರಿ. ನಿಮ್ಮ ಕಾಲ್ಗುಣದ್ದು."

ಅವಳು ಅಕ್ಕಿಕಾಳು ಹಾಕಲು ಬಾಗಿ, ಆಸರೆಗೆ ಒಂದು ದಂಟು ಹಿಡಿದಳು. ತೆನೆ ಹೊರಗೆ ಇಣುಕುವ ಮುನ್ನ ತುದಿಯ ಎಲೆಯ ಬುಡದಲ್ಲಿ ಉಬ್ಬಿಕೊಂಡಿರುತ್ತದಲ್ಲ, ಅದಕ್ಕೆ ಹೊಡೆ ಅನ್ನುತ್ತಾರೆ. ಹಿಂದಿನ ಸಾಲುಗಳಲ್ಲೆಲ್ಲ ಹೊಡೆ ತುಂಬಿ, ಅಲ್ಲೊಂದು ಇಲ್ಲೊಂದು ತೆನೆ ಆಗಲೇ ತಲೆ ಹಾಕಿತ್ತು. ಇಲ್ಲಿ ಅವಳ ಬೆರಳಿಗೆ ಏನೂ ಸಿಗಲಿಲ್ಲ. ಪಕ್ಕದ ದಂಟು ಮುಟ್ಟಿದಳು. ಅದರ ಪಕ್ಕದ್ದು. ಎಲೆಯೊಳಗೆ ಎಲೆ, ಅದರೊಳಗೆ ಮತ್ತೆ ಎಲೆ. ಬಸುರಿಯೆಂದು ಉಡಿ ತುಂಬಿದ ಮೂಲೆಯಲ್ಲಿ ಬಸಿರೇ ಇರಲಿಲ್ಲ.

ಅವಳು ಉಳಿದ ಕಾಳು ಉಡಿಗೆ ಹಾಕಿ ಎದ್ದಳು. ಇಂಥ ದಿನ ಅನ್ನುವ ಮಾತಲ್ಲ ಅದು. ನಾಲ್ಕು ಜನ ಬದುವಿನ ಮೇಲೆ ಕೂತು ಉಂಡರು. ಖತೀಜಾಬೀ ಅವಳ ಎಲೆಗೆ ಕಡುಬು ಹಾಕುತ್ತ, "ತಿನ್ರಿ, ಗಾಳಿ ಬಂದ್ರೆ ಹಾರಿ ಹೋಗ್ತೀರಿ," ಎಂದಳು. ಸರ್ವಮಂಗಳ ನಕ್ಕಳು. ತಾನು ನಕ್ಕ ಸದ್ದು ತನಗೇ ಹೊಸದಾಗಿ ಕೇಳಿಸಿತು.

ಪಾತ್ರೆ ತೊಳೆಯುವ ಹೊತ್ತಿಗೆ ಉಚ್ಚೆಂಗಪ್ಪ ಬಂದು ಗುಂಡಿ ಎಳೆದ. ಬೆಳಕು ಹೊಲದ ಮೇಲೆ ಮೊರದಂತೆ ಬಿಚ್ಚಿಕೊಂಡಿತು. ಬದುವಿನ ಮೇಲೊಂದು ಜಾಲಿಯ ಮರವಿತ್ತು. ಅದರ ಬೊಡ್ಡೆಯ ನೆರಳು ಆ ಬೆಳಕಿನ ನಡುವೆ ಕಪ್ಪು ಪಟ್ಟಿಯಾಗಿ ಹಾಯ್ದುಹೋಗಿತ್ತು. ಆ ಕಪ್ಪು ಪಟ್ಟಿಯೊಳಗೆ ನಿಂತಿದ್ದ ಜೋಳದಲ್ಲಿ, ಅಷ್ಟರಲ್ಲಿ ಮಾತ್ರ, ಹೊಡೆ ತುಂಬಿತ್ತು.

ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಹೋಗಿ, ಆ ದಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಮೈಸೂರಿನ ತರಗತಿ ನೆನಪಾಯಿತು. ಕೆಲವು ಪೈರುಗಳು ಇರುಳಿನ ಉದ್ದ ಅಳೆಯುತ್ತವೆ, ಎಂದಿದ್ದರು ಮೇಷ್ಟರು. ಇರುಳು ಸಾಕಷ್ಟು ಉದ್ದವಾದಾಗ, ಇನ್ನು ಹೂ ಬಿಡುವ ಕಾಲವೆಂದು ಅವಕ್ಕೆ ತಿಳಿಯುತ್ತದೆ. ನಡುವೆ ದೀಪ ಹಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ. ಎಲೆ ಹಾಕುತ್ತಲೇ ಇರುತ್ತವೆ. ಮಳೆ, ಮಣ್ಣು, ಗೊಬ್ಬರ ಎಲ್ಲ ಇದ್ದೂ ಒಂದು ಕೊರತೆಯಾದರೆ ಸಾಕು, ಬೆಳೆ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಕೊರತೆಯಾಗಿದ್ದದ್ದು ಕತ್ತಲೆ. ಅದನ್ನು ಕಸಿದುಕೊಂಡದ್ದು ತನ್ನ ದೀಪ.

ಈಗಲೇ ಆರಿಸಿದರೆ ತಡವಾಗಿಯಾದರೂ ತೆನೆ ಕಟ್ಟೀತು. ಎರೆಯ ತೇವ ಇನ್ನೂ ಇದೆ. ಬಿಟ್ಟರೆ ಆ ಮೂಲೆ ಬರೀ ಮೇವು. ಇದು ಅವಳಿಗೆ ಅಂಗೈಯಷ್ಟು ಸ್ಪಷ್ಟವಾಗಿತ್ತು. ಆರಿಸಿದರೆ ತಾನು ಎಲ್ಲಿಗೆ ಹೋಗಬೇಕೆಂಬುದೂ ಅಷ್ಟೇ ಸ್ಪಷ್ಟ.

ಆ ಪಕ್ಷವೆಲ್ಲ ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಬರುವ ಕೆಲಸವೇ. ಕಷ್ಟವಾದದ್ದು ಖತೀಜಾಬೀಯಿಂದ. ಹುಣ್ಣಿಮೆಯ ಸಲಿಗೆ ಹಿಡಿದು ಆಕೆ ಈಗ ಸಂಜೆ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದಳು, ಸೆರಗಿನ ಮರೆಯಲ್ಲಿ ಗುರೆಳ್ಳಿನ ಚಟ್ನಿಪುಡಿಯೋ ಬಿಸಿ ರೊಟ್ಟಿಯೋ ಹಿಡಿದು. ಗಂಡ ಗಾಡಿ ಬಾಡಿಗೆಗೆ ಹೋಗಿ ಬೀಡಿಗೇ ಅರ್ಧ ಕಳೆದದ್ದು, ನಂದಿಗುಡಿಯಲ್ಲಿರುವ ತಮ್ಮ, ಭದ್ರಾ ಕಾಲುವೆ ನೀರು ಬರುತ್ತದೆ, ಬತ್ತ ಬೆಳೆಯುತ್ತೇನೆ ಎಂದು ಈಗಲೇ ಮೀಸೆ ತಿರುವುತ್ತಿರುವುದು, ಹೀಗೆ ಮಾತೇ ಮಾತು. ಸರ್ವಮಂಗಳ ಬರೀ ಹೂಂಗುಡುತ್ತಿದ್ದಳು. ಅಷ್ಟೇ ಸಾಕಿತ್ತು ಆಕೆಗೆ. ಕಡೆಗೆ ಎದ್ದು ಹೋಗುವಾಗ ಆ ಮೂಲೆಯ ಕಡೆ ನೋಡಿ ಹೇಳುವಳು: "ಹಿಂದಲ ಜೋಳ ಯುಗಾದಿತಂಕ ಸಾಕು ನಮಗೆ. ಬ್ಯಾಸಿಗೆ ರೊಟ್ಟಿ, ಮುಂದಿನ ವರ್ಸದ ಬೀಜ, ಎಲ್ಲಾ ಇವಳ ಮ್ಯಾಲೇ. ತಡಾ ಆಗ್ತೈತೆ, ಆಗ್ಲಿ. ದೊಡ್ಡ ಮಗು ಹೊತ್ತೋಳು ತಡಾ ಮಾಡ್ತಾಳೆ."

ಸರ್ವಮಂಗಳ ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಗೆ ಇಡುತ್ತಿದ್ದಳು.

ಹೇಳಿದರೆ ದೀಪ ಹೋಗುತ್ತದೆ. ದೀಪ ಹೋದರೆ ಈ ಹೊಸ್ತಿಲು, ಈ ರೊಟ್ಟಿ, ಈ ಹೂಂಗುಡುವಿಕೆ ಎಲ್ಲ ಹೋಗುತ್ತದೆ. ಹೇಳದಿದ್ದರೆ ಉಂಡ ರೊಟ್ಟಿಯ ಜೋಳವನ್ನೇ ಕದ್ದಂತೆ. ಅವಳು ಎರಡನ್ನೂ ತೂಗಿದಳು. ತಕ್ಕಡಿಯವರ ಮನೆಯವಳಾದರೂ ಮುಳ್ಳು ನಿಲ್ಲಲಿಲ್ಲ.

ಕಡೆಗೆ ನೀರು ತುಂಬುವ ಹಬ್ಬದ ಹಿಂದಿನ ಬೆಳಿಗ್ಗೆ, ಇಮಾಮ್ ಸಾಬಿ ಎತ್ತು ಹೂಡುತ್ತಿದ್ದಾಗ ಹೋಗಿ ನಿಂತಳು. ಒಳಗೇ ಹೊಂದಿಸಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು: ದೀಪದ ಬೆಳಕಿಗೆ ಆ ಮೂಲೆಯ ಜೋಳ ಹೊಡೆ ತುಂಬುತ್ತಿಲ್ಲ, ಅದಕ್ಕೆ ಕತ್ತಲೂ ಬೇಕು.

ಇಮಾಮ್ ಸಾಬಿ ನೊಗ ಹಿಡಿದುಕೊಂಡೇ ಅವಳನ್ನು ನೋಡಿದ. ಆಮೇಲೆ ಎತ್ತಿನ ಬೆನ್ನು ತಟ್ಟಿ ನಕ್ಕ.

"ಅಕ್ಕೋರೆ, ಮಳೆ ಕಮ್ಮಿ ಆದ್ರೆ ಜೋಳ ಕೆಡ್ತೈತೆ. ಹೆಚ್ಚಾದ್ರೂ ಕೆಡ್ತೈತೆ. ಕಾಡಿಗೆ ರೋಗಕ್ಕೆ ಕೆಡ್ತೈತೆ, ಗಿಣಿಗೆ ಕೆಡ್ತೈತೆ, ಕಣ್ಣಿಗೆ ಕೆಡ್ತೈತೆ. ಬೆಳಕಿಗೆ ಕೆಡ್ತೈತೆ ಅಂತ ನಮ್ಮಪ್ಪ ಹೇಳ್ಲಿಲ್ಲ, ಅವರಪ್ಪನೂ ಹೇಳ್ಲಿಲ್ಲ. ಬೆಳಕಿಗೇ ಅಲ್ಲೇನ್ರಿ ಬೆಳೆ ಬೆಳೆಯೋದು?"

"ಬೆಳೆಯುತ್ತೆ. ತೆನೆ ಬಿಡೋದಕ್ಕೆ…"

"ಅದಕ್ಕೆ ನಿದ್ದೆ ಬರ್ತಾ ಇಲ್ಲ ಅನ್ರಿ! ಪಾಪ, ನಾನೂ ಬೀಡಿ ಸೇದಿದ್ರೆ ಹಂಗೇ, ನಿದ್ದೆ ಬರಲ್ಲ. ಏ ಖತೀಜಾ, ಕೇಳ್ದ್ಯಾ? ಜೋಳಕ್ಕೆ ಜೋಗುಳ ಹಾಡ್ಬೇಕಂತೆ!"

ಗಂಡನ ನಗುವಿಗೆ ಹೆಂಡತಿಯ ನಗು ಕೂಡಿತು. ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಮರುದಿನ ಹೊತ್ತಿಗೆ ಓಣಿಗೆಲ್ಲ ಆ ಮಾತು ಹಬ್ಬವಾಯಿತು. ನಳದ ಹತ್ತಿರ ಹೆಂಗಸರು, "ಅಕ್ಕೋರೆ, ನಿಮ್ಮ ಜೋಳ ಮಲಗ್ತೇನ್ರೀ?" ಎಂದು ಕೇಳುತ್ತಿದ್ದರು. ಅವಳು ಬಿಂದಿಗೆ ಅರ್ಧ ತುಂಬಿದ್ದರೂ ಎತ್ತಿಕೊಂಡು ಬಂದಳು.

ದೀಪಾವಳಿ ಕಳೆದ ಮೇಲಿನ ಒಂದು ಸಂಜೆ. ಓಣಿಯ ಬಾಗಿಲು ಬಾಗಿಲಿಗೂ ಇನ್ನೂ ಹಣತೆ ಇಡುತ್ತಿದ್ದರು. ಉಚ್ಚೆಂಗಪ್ಪ ಬಲ್ಬು ಒರೆಸಲೆಂದು ಏಣಿ ತಂದಿದ್ದ. ಅವನು ಮೇಲೆ ಹತ್ತಿದ್ದಾಗ ಸರ್ವಮಂಗಳ ಬುಡದಲ್ಲಿ ನಿಂತು ಏನೋ ಹೇಳಿದಳು.

"ಏನ್ರಿ? ಗಟ್ಟಿಯಾಗಿ ಹೇಳ್ರಿ, ಕೇಳಲ್ಲ."

"ಈ ಬಲ್ಬಿಗೆ ಹೊಲದ ಕಡೆ ಮರೆಯಾಗಿ ಒಂದು ತಗಡು ಕಟ್ಟೋದಕ್ಕೆ ಆಗುತ್ತಾ?"

"ಹೊಲ ಓಣಿ ಎರಡೂ ಒಂದೇ ದಿಕ್ಕಿಗೆ ಅದಾವಲ್ರಿ. ಹೊಲಕ್ಕೆ ಮರೆ ಕಟ್ಟಿದ್ರೆ ಓಣಿಗೂ ಕತ್ಲೆ. ಮುನಸಿಪಾಲ್ಟಿಯಾಗೆ ಉರಿಯೋ ದೀಪ ಐತೆ, ಆರಿದ ದೀಪ ಐತೆ. ಅರ್ಧ ದೀಪ ಇಲ್ಲ."

ಅವಳು ಕಂಬಕ್ಕೆ ಆತು ನಿಂತಳು. "ಹಾಗಾದರೆ ತೆಗೆದುಬಿಡಿ."

ಉಚ್ಚೆಂಗಪ್ಪನ ಕೈಯ ಒರೆಸುಬಟ್ಟೆ ನಿಂತಿತು. "ತೆಗೀಲಾ? ವಿನೋಬನಗರದೋರು ಒಂದು ದೀಪ ಕೊಡ್ರಿ ಅಂತ ನನ್ನ ಪ್ರಾಣ ತಿಂತಾವ್ರೆ. ದೀಪ ತೆಗೀರಿ ಅಂದೋರು ನೀವೇ ಮೊದಲು. ನಾಳೆ ನಿಮ್ಮಣ್ಣಾರು ಬಂದು ಉಚ್ಚೆಂಗ್ಯಾ ಕಿತ್ಕಂಡು ಹೋದ ಅಂದ್ರೆ? ಈ ಓಣಿ ಜನ ಸಾಕ್ಷಿ ಇರ್ಲಿ. ನಮಗೆ ದೀಪ ಬ್ಯಾಡ ಅಂತ ಬಾಯಿಬಿಟ್ಟು ಹೇಳ್ರಿ."

ಹಣತೆ ಇಡುತ್ತಿದ್ದವರು ತಿರುಗಿ ನೋಡುತ್ತಿದ್ದರು. ಶಕುಂತಲಮ್ಮ ಕಟ್ಟೆಗೆ ಬಂದಿದ್ದರು. ಸರ್ವಮಂಗಳ ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ನಿಂತಳು. ಶಾಲೆಯ ಪ್ರಾರ್ಥನೆಯಲ್ಲೂ ಅವಳ ದನಿ ಎದ್ದದ್ದಿಲ್ಲ.

"ಬ್ಯಾಡ," ಎಂದಳು. ಅದು ಅವಳ ಪುಸ್ತಕದ ಭಾಷೆಯಲ್ಲ, ಓಣಿಯ ಮಾತು. ಅದೇ ಬಾಯಿಗೆ ಬಂತು. "ನನಗೆ ಈ ದೀಪ ಬ್ಯಾಡ!"

ಓಣಿಯ ಆ ತುದಿಯವರೆಗೂ ಕೇಳಿಸಿತು.

ಬಲ್ಬು ಉಚ್ಚೆಂಗಪ್ಪನ ಚೀಲಕ್ಕೆ ಹೋಯಿತು. ಆ ಸಂಜೆ ಅವಳು ಊಟಕ್ಕೆ ಲಾಂದ್ರ ಹಚ್ಚಿಕೊಂಡಳು. ಅದರ ಬೆಳಕು ತಟ್ಟೆಯಷ್ಟಕ್ಕೆ ಸಾಕಾಗಿ, ಹೊಸ್ತಿಲಿಗೆ ಮುಟ್ಟಲಿಲ್ಲ. ಹೊರಗೆ ಹೊಲ ಕಾಣುತ್ತಿರಲಿಲ್ಲ, ಎಲೆಗೆ ಎಲೆ ಉಜ್ಜುವ ಸದ್ದು ಮಾತ್ರ. ಯಾರೂ ಹೊಸ್ತಿಲಿಗೆ ಬರಲಿಲ್ಲ. ಬಾಗಿಲಿಗೆ ಅಗಣಿ ಹಾಕಿ, ಟ್ರಂಕನ್ನು ಎಳೆದು ಅದಕ್ಕೆ ಒತ್ತುಕೊಟ್ಟಳು. ಹೆದರಿಕೆ ಕಳ್ಳರದಲ್ಲ. ಏನನ್ನು ಕಳೆದುಕೊಂಡೆನೆಂದು ಹೇಳಿಕೊಳ್ಳಲು ಒಬ್ಬರೂ ಇಲ್ಲದ್ದು, ಅದು.

ಮಾರನೆಯ ದಿನದಿಂದ ನಗು ನಿಂತಿತು. ನಗುವಿನ ಜಾಗದಲ್ಲಿ ಬಂದದ್ದು ಪಿಸುಮಾತು. ಒಂಟಿ ಹೆಣ್ಣು, ಲಗ್ನವಾಗದವಳು, ತನ್ನ ಬಾಗಿಲ ಮುಂದಿನ ದೀಪ ತಾನೇ ತೆಗೆಸಿದಳೆಂದರೆ ಯಾತಕ್ಕೆ? ಕತ್ತಲಲ್ಲಿ ಬರುವವರು ಯಾರು?

"ಜೋಳಕ್ಕಂತೆ," ಎಂದಳು ನಳದ ಹತ್ತಿರ ಒಬ್ಬಳು.

"ಹೂಂ, ಜೋಳದ ನೆಪ," ಎಂದಳು ಇನ್ನೊಬ್ಬಳು.

ಅಷ್ಟೆ. ಮೊನ್ನೆಯ ತಮಾಷೆ ಇಂದಿನ ಸಾಕ್ಷಿಯಾಯಿತು. ಮೊದಲೇ ನೆಪ ಹೊಂದಿಸಿಟ್ಟುಕೊಂಡಿದ್ದಳು ನೋಡು, ಎಂದರು. ಆ ಓಣಿಯಲ್ಲಿ ಯಾರಾದರೂ ಸುಳ್ಳು ಕಾರಣ ಹೇಳಿದರೆ, "ಜೋಳದ ನೆಪ ಹೇಳಬ್ಯಾಡ ಹೋಗು," ಎನ್ನುವ ಗಾದೆಯೇ ಹುಟ್ಟಿಕೊಂಡಿತು.

ಶಕುಂತಲಮ್ಮ ಬೈಯಲಿಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಕಾರ್ತೀಕ ಮಾಸ ಕಣವ್ವ. ಲೋಕವೆಲ್ಲ ದೀಪ ಹಚ್ಚೋ ಹೊತ್ತಲ್ಲಿ ನೀನು ಆರಿಸ್ದೆ. ನಾನು ನಿನ್ನ ನಂಬ್ತೀನಿ ಅಂತಲೇ ಇಟ್ಕ. ಆದ್ರೆ ನಾನೂ ಈ ಓಣಿಯಾಗೇ ಬದುಕ್ಬೇಕಲ್ಲ?"

ಭಾನುವಾರ ವಾಮದೇವಪ್ಪ ಬಂದ. ಯಾರು ಸುದ್ದಿ ಮುಟ್ಟಿಸಿದರೋ. ಬರಿದಾದ ಬಿಳಿ ತಟ್ಟೆಯನ್ನು ಕತ್ತೆತ್ತಿ ನೋಡಿದ, ತಂಗಿಯನ್ನು ನೋಡಿದ.

"ಯಾಕೆ ತೆಗೆಸ್ದೆ?"

ಅವಳು ಹೇಳಿದಳು. ಇರುಳಿನ ಉದ್ದ, ಹೊಡೆ, ಜಾಲಿಯ ನೆರಳು, ಎಲ್ಲ. ಜೀವಮಾನದಲ್ಲಿ ಅಣ್ಣನ ಎದುರು ಅಷ್ಟು ಮಾತಾಡಿರಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡ.

"ನಾನು ನಂಬ್ತೀನಿ ಮಂಗಳಾ," ಎಂದ. "ನೀನು ಸುಳ್ಳು ಹೇಳಲ್ಲ. ಆದ್ರೆ ನಾಳೆ ಗಂಡಿನ ಕಡೆಯೋರ ಮುಂದೆ ನಾನು ಜೋಳದ ಕತೆ ಹೇಳ್ಲಾ?"

ಗಾಡಿಗೆ ಟ್ರಂಕು ಏರಿತು. ಕೆಲಸ ಬಿಡುವುದು ಬೇಡ, ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರಲಿ ಎಂದಾಯಿತು. ಅಷ್ಟು ಕೊಟ್ಟದ್ದೇ ಅಣ್ಣನ ದೊಡ್ಡತನ. ಖತೀಜಾಬೀ ಹೊಲದಲ್ಲೇ ಇದ್ದಳು. ಈ ಕಡೆ ತಿರುಗಲಿಲ್ಲ.

ಅಲ್ಲಿಂದಾಚೆ ಮೆಣಸಿನಕಾಯಿ ಘಾಟಿನಲ್ಲಿ ಎದ್ದು, ಹೆಂಗಸರ ಡಬ್ಬಿಯ ಮೂಲೆಯಲ್ಲಿ ಕೂತು, ಶಾಲೆಗೆ ಬಂದು, ತಿರುಗಿ ಹೋಗುವುದು. ಅಮಾವಾಸ್ಯೆ ಹುಣ್ಣಿಮೆಗಳು ದಾಟಿದವು. ರೈಲಿನ ಕಿಟಕಿಯಲ್ಲಿ ಎರಡೂ ಕಡೆ ಜೋಳ ತೆನೆ ಬಾಗಿ, ಕಟಾವಾಗಿ, ಕೂಳೆ ಉಳಿಯುವುದನ್ನು ನೋಡಿದಳು. ಆ ಮೂಲೆ ಏನಾಯಿತೆಂದು ಕೇಳಲು ಯಾರೂ ಇರಲಿಲ್ಲ. ಹೊಲವೆಲ್ಲ ಕೊಯ್ದಾಗ ಅದನ್ನೂ ಮೇವಿಗೆ ಕೊಯ್ದಿರುತ್ತಾರೆ ಎಂದುಕೊಂಡಳು. ಹೊಡೆ ಬರದ ಜೋಳವನ್ನು ಯಾವ ಒಕ್ಕಲಿಗ ನಿಲ್ಲಿಸಿಕೊಂಡಾನು?

ಸಂಕ್ರಾಂತಿ ಕಳೆದ ಮೇಲೆ ಶಕುಂತಲಮ್ಮ ಹೇಳಿಕಳಿಸಿದರು: ಕೋಣೆಗೆ ಬೇರೆಯವರು ಬರುತ್ತಾರೆ, ಉಳಿದ ಸ್ಟೋವು ಪಾತ್ರೆ ಒಯ್ಯಬೇಕು. ಶಾಲೆ ಬಿಟ್ಟ ಮೇಲೆ ಅವಳು ಆ ಓಣಿಗೆ ತಿರುಗಿದಳು.

ಸುತ್ತಲ ಹೊಲಗಳೆಲ್ಲ ಬೋಳು. ಇಮಾಮ್ ಸಾಬಿಯ ಎಂಟು ಗುಂಟೆಯೂ ಬೋಳು, ಕಂಬದೆದುರಿನ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಜೋಳ ನಿಂತಿತ್ತು. ಎತ್ತರದ ದಂಟುಗಳ ತುದಿಯಲ್ಲಿ ತೆನೆ: ದೊಡ್ಡವಲ್ಲ, ಹಿಡಿಯಷ್ಟು, ಇನ್ನೂ ಹಸಿರು ಬಿಡದ ಕಾಳು. ಬುಡದಲ್ಲಿ ಮಣ್ಣು ಮೆತ್ತಿದ ಹಸಿರು ಕಣ ಇನ್ನೂ ಸುತ್ತಿಕೊಂಡಿತ್ತು.

ಅವಳು ಕೈಚೀಲ ನೆಲಕ್ಕಿಟ್ಟು ನೋಡುತ್ತಲೇ ನಿಂತಳು.

"ಅಲ್ಲೇ ಯಾಕ ನಿಂತ್ರಿ? ಬರ್ರಿ ಈಕಡೆ," ಎಂಬ ದನಿ ಬಂತು. ಬದುವಿನ ಮರೆಯಲ್ಲಿ ಖತೀಜಾಬೀ ಕುಳ್ಳಿನ ಕೆಂಡದಲ್ಲಿ ತೆನೆ ಸುಡುತ್ತಿದ್ದಳು. "ಊರಾಗೆಲ್ಲ ಸೀತನಿ ಕಾಲ ಮುಗಿದು ಎರಡು ತಿಂಗಳಾತು. ನಮ್ಮ ಹೊಲದಾಗೆ ಈಗ ಹಾಲುಗಾಳು. ಕೊಯ್ಲಿನಾಗೆ ಇವರು ಕುಡುಗೋಲು ತಂದ್ರು, ದಂಟು ಎತ್ತಿಗೆ ಹಾಕ್ತೀನಿ ಅಂತ. ನಾನು ಅಡ್ಡ ನಿಂತೆ. ಬಸುರಿ ಅಂತ ಉಡಿ ತುಂಬೀವಿ, ಕತ್ತು ಕೊಯ್ಯಾಕೆ ನಾನು ಬಿಡಲ್ಲ ಅಂದೆ. ಆಮ್ಯಾಲೆ ಎಂಟು ದಿನಕ್ಕೇ ಹೊಡೆ ಹಾಯ್ತು ನೋಡ್ರಿ! ಇವರು ಈಗ ಏನಂತಾರೆ ಗೊತ್ತಾ? ಕೊಬ್ಬು ಇಳೀತು, ಅದ್ಕೇ ಬಂತು, ನಾನು ಮೊದಲೇ ಹೇಳಿದ್ದೆ ಅಂತಾರೆ."

ಸರ್ವಮಂಗಳ ಬದುವಿನ ಮೇಲೆ ಕೂತಳು. ಖತೀಜಾಬೀ ಸುಟ್ಟ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ಅವಳ ಕೈಗೆ ಸುರಿದಳು. ಬಿಸಿಯಾಗಿತ್ತು; ಹಾಲಿನಷ್ಟು ಸಿಹಿ.

ಆಮೇಲೆ ಖತೀಜಾಬೀ ಸುತ್ತ ನೋಡಿ, ಮೊಣಕಾಲು ಎಳೆದುಕೊಂಡು ಹತ್ತಿರ ಸರಿದಳು. ಇಷ್ಟು ದಿನದ 'ರಿ' ನಾಲಗೆಯಿಂದ ಜಾರಿತ್ತು.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಅವತ್ತು ಯಾರಿಗೋಸ್ಕರ ಕತ್ಲೆ ಕೇಳ್ದೆ?"

ಸರ್ವಮಂಗಳ ಅವಳ ಮುಖ ನೋಡಿದಳು. ಎದುರಿಗೇ ಜೋಳ ತೆನೆ ಬಿಟ್ಟು ನಿಂತಿತ್ತಲ್ಲ.

"ಜೋಳಕ್ಕೆ," ಎಂದಳು.

ಖತೀಜಾಬೀ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಇವಳ ತೊಡೆಯ ಮೇಲೆ ಹೊಡೆದಳು. "ಎಲಾ ಇವಳಾ! ನನ್ನ ಮುಂದೂ ಜೋಳದ ನೆಪನಾ? ಓಣಿಯೋರ ಮುಂದೆ ಹೇಳು ಅದನ್ನ. ನಾನು ಯಾರ ಹತ್ರನೂ ಬಾಯಿ ಬಿಡಲ್ಲ, ಈ ಬೆಂಕಿ ಮ್ಯಾಲಾಣೆ. ಹೆಸರು ಬ್ಯಾಡ. ಯಾವೂರವನು, ಅಷ್ಟು ಹೇಳು ಸಾಕು."

ಮತ್ತೊಮ್ಮೆ ವಿವರಿಸಬಹುದಿತ್ತು. ಜಾಲಿಯ ಬೊಡ್ಡೆ ಅಲ್ಲೇ ಇತ್ತು, ಖಾಲಿ ಬಿಳಿ ತಟ್ಟೆ ಅಲ್ಲೇ ಇತ್ತು. ಬಾಯಿ ತೆರೆದರೆ ಈ ಮುಖ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ, 'ರಿ' ಮತ್ತೆ ಬಂದು ನಡುವೆ ಕೂರುತ್ತದೆ. ಹೊಗೆಯ, ಸುಟ್ಟ ಕಾಳಿನ ವಾಸನೆಯ ಆ ಮುಖ ಇಷ್ಟು ಹತ್ತಿರವಿತ್ತು. ಇಷ್ಟು ಹತ್ತಿರ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ.

"ಮೈಸೂರಿನವನು," ಎಂದಳು ಸರ್ವಮಂಗಳ.

"ನನಗೆ ಗೊತ್ತಿತ್ತು!" ಖತೀಜಾಬೀ ಕೆಂಡ ಕೆದಕಿ, ಇನ್ನೆರಡು ತೆನೆ ಹಾಕಿದಳು. "ಓದಿದೋನಾ? ನೋಡಾಕೆ ಹೆಂಗವ್ನೆ? ಕೂತ್ಕ, ರೈಲಿಗೆ ಇನ್ನೂ ಹೊತ್ತೈತೆ. ಮೊದಲಿಂದ ಹೇಳು."

ಹರಿಹರದ ರೈಲಿಗೆ ಹೊತ್ತೇನೂ ಇರಲಿಲ್ಲ. ಸರ್ವಮಂಗಳ ಸೆರಗು ಸರಿಮಾಡಿಕೊಂಡು, ಕಾಳು ಅಗಿಯುತ್ತ, ಇಲ್ಲದವನೊಬ್ಬನ ಎತ್ತರ, ಮೈಬಣ್ಣ, ಮಾತಿನ ರೀತಿಯನ್ನು ಒಂದೊಂದಾಗಿ ಹೇಳತೊಡಗಿದಳು. ಖತೀಜಾಬೀ ಹೂಂಗುಡುತ್ತಿದ್ದಳು.